ಎದ್ದು ನಿಂತ ಲಂಗ

ಶನಿವಾರ, 30 ನವೆಂಬರ್ 2024
ಕ್ರಾಯ್ಡನ್

ಸಂಜೆ ರೈಲು ತಡ. ಚಳಿಗೆ ಕೈ ಮರಗಟ್ಟಿತ್ತು. ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಒಬ್ಬರೇ ಅಜ್ಜಿ ಕೂತಿದ್ದರು. ಪಕ್ಕದಲ್ಲಿ ಗಾಡಿ ಚಕ್ರದಷ್ಟು ಅಗಲದ ಕಪ್ಪು ಚೀಲ, ಗುಂಡಗೆ, ಚಪ್ಪಟೆ. "ಇಲ್ಲಿ ಕೂತ್ಕೊಳ್ಳಬಹುದಾ?" ಅಂದೆ. "ಕೂತ್ಕೊಳ್ಳಿ, ಅದರ ಮೇಲೆ ಮಾತ್ರ ಬೇಡ" ಅಂದು ಚೀಲವನ್ನು ಮಡಿಲಿಗೆ ಎಳೆದುಕೊಂಡರು. ಒಳಗಿದ್ದದ್ದು ಟುಟು, ಬ್ಯಾಲೆ ಕುಣಿಯುವವರ ಲಂಗ. ಮೊಮ್ಮಗಳದು. ಕ್ರಿಸ್‌ಮಸ್ ಹತ್ತಿರ ಬಂತಲ್ಲ, ಊರ ತುಂಬ ನಟ್‌ಕ್ರ್ಯಾಕರ್ ಬ್ಯಾಲೆಯ ತಾಲೀಮು. ಹುಡುಗಿ ಹಾಟ್ ಚಾಕೊಲೇಟ್ ತರಲು ಹೋಗಿದ್ದಳು.

ಹೊಲಿದದ್ದು ತಾವೇ ಅಂದರು. ನನ್ನ ಮುಖ ನೋಡಿ ಏನನ್ನಿಸಿತೋ, ಗ್ಲೌಸ್ ಬಿಚ್ಚಿ ಅರ್ಧ ಜಿಪ್ ಎಳೆದು ತೋರಿಸಿದರು. ತಲೆಕೆಳಗಾಗಿ ಇಟ್ಟಿದ್ದರು, ಹಾಗಾಗಿ ನನಗೆ ಕಂಡದ್ದು ಒಳಗಿನ ಸಂಸಾರ. ಮೇಲ್ಗಡೆ ಮಣಿ, ಜರಿ ಎಲ್ಲ ಯಾರಾದರೂ ನೋಡ್ತಾರೆ. ಅಡಿಯಲ್ಲಿ ಗಟ್ಟಿ ನೆಟ್, ಪದರದ ಮೇಲೆ ಪದರ. ಎಲ್ಲಕ್ಕಿಂತ ಒಳಗಿನದು ಬರೀ ಎರಡು ಬೆರಳು ಅಗಲ, ಚಡ್ಡಿಗೇ ಹೊಲಿದದ್ದು. ಅದರಾಚೆಯದು ಇನ್ನಷ್ಟು ಅಗಲ, ಅದರಾಚೆಯದು ಇನ್ನೂ ಅಗಲ. ಗಿಡ್ಡ ಪದರಗಳು ಕೆಳಗಿನಿಂದ ತಳ್ಳುವುದರಿಂದಲೇ ಮೇಲಿನದು ಸೊಂಟದ ಸುತ್ತ ಅಡ್ಡಕ್ಕೆ ನಿಲ್ಲುವುದು. ಅಲ್ಲಲ್ಲಿ ಉದ್ದುದ್ದ ಸಡಿಲ ಟಾಕಾ ಹಾಕಿ ಎಲ್ಲವನ್ನೂ ಸೇರಿಸಿದ್ದರು. ಟಾಕಾ ಬಿಗಿಯಾದರೆ ಲಂಗ ಸತ್ತ ಹಾಗೆ ಕಾಣುತ್ತೆ, ಸಡಿಲ ಜಾಸ್ತಿಯಾದರೆ ಪದರಗಳು ಬೇರೆ ಬೇರೆ ಕುಣಿಯುತ್ತವೆ ಅಂದರು. ನಡುವಿನ ಒಂದು ಪದರದಲ್ಲಿ ತೆಳ್ಳನೆಯ ಉಕ್ಕಿನ ಬಳೆ. ಅದು ಬೇಡವೇ ಬೇಡ ಅಂತ ನ್ಯೂಯಾರ್ಕಿನಲ್ಲಿ ಬ್ಯಾಲೆ ಉಡುಪು ಹೊಲಿಯುತ್ತಿದ್ದ ಕರಿನ್ಸ್ಕಾ 1950ರಲ್ಲೇ ತೆಗೆದುಹಾಕಿದ್ದಳು. ವೇದಿಕೆ ತುಂಬ ಹುಡುಗಿಯರಿದ್ದಾಗ ಬಳೆ ಬಳೆ ತಾಗಿ ಲಂಗಗಳು ಏರಿಳಿಯುತ್ತಿದ್ದವಂತೆ. "ನಾನು ಹಳೇ ಕಾಲದವಳು, ನನಗೆ ಬಳೆ ಬೇಕು" ಅಂದರು.

ಆಮೇಲೆ ಮಾತು 1987ಕ್ಕೆ ಹೋಯಿತು. ಹೇಗೆ ಹೋಯಿತೋ ಗೊತ್ತಿಲ್ಲ. ಆ ವರ್ಷ ಅವರ ಹತ್ತಿರ ಒಂದು ಪಫ್‌ಬಾಲ್ ಸ್ಕರ್ಟ್ ಇತ್ತಂತೆ, ಕಡುಗೆಂಪು. ಅಂಚನ್ನು ನೆರಿಗೆ ಮಾಡಿ ಒಳಕ್ಕೆ ತಿರುಗಿಸಿ ಲೈನಿಂಗಿಗೆ ಹೊಲಿದುಬಿಡ್ತಾರಲ್ಲ, ಉಬ್ಬಿಕೊಂಡೇ ಇರುತ್ತೆ. ಆಫೀಸ್ ಪಾರ್ಟಿಗೆ ಅದನ್ನು ಹಾಕಿಕೊಂಡು ಹೋಗಿ, ವಾಪಸ್ ಬರುವಾಗ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ನಿಂತೇ ಬಂದರಂತೆ. ಕೂತರೆ ಲಂಗ ಗಲ್ಲಕ್ಕೆ ಬರುತ್ತಿತ್ತು. "ಅವತ್ತು ಯಾರೂ ನನ್ನ ಹತ್ತಿರ ಒತ್ತಿ ನಿಲ್ಲಲಿಲ್ಲ, ನಿಲ್ಲೋಕೆ ಆಗ್ತಾನೇ ಇರಲಿಲ್ಲ" ಅಂತ ಜೋರಾಗಿ ನಕ್ಕರು. ಅಷ್ಟರಲ್ಲಿ ಮೊಮ್ಮಗಳು ಬಂದಳು, ರೈಲೂ ಬಂತು. ಅವರದು ಬೇರೆ ಬೋಗಿ.

ಈ ಮಾತು ತಲೆಯಿಂದ ಹೋಗುತ್ತಿಲ್ಲ. ಒತ್ತಿ ನಿಲ್ಲೋಕೆ ಆಗದ ಬಟ್ಟೆ! ಆ ದಶಕದ ಬಟ್ಟೆ ನೋಡಿ ಎಲ್ಲರೂ ನಗ್ತಾರೆ. ಭುಜಕ್ಕೆ ಪ್ಯಾಡು, ಕೂದಲು ಆಕಾಶಕ್ಕೆ. ನನಗೆ ಮಾತ್ರ ಹೊಟ್ಟೆಕಿಚ್ಚು. ಹೆಣ್ಣುಮಕ್ಕಳು ಯಾರನ್ನೂ ಕೇಳದೆ ಅಷ್ಟಗಲ ಜಾಗ ತಗೊಂಡು ಓಡಾಡಿದರಲ್ಲ ಅಂತ. ಇಲ್ಲಿನ ಡಿಸೈನರ್ ವಿವಿಯನ್ ವೆಸ್ಟ್‌ವುಡ್ 1985ರಲ್ಲಿ ಮಿನಿ ಕ್ರಿನಿ ಅನ್ನೋ ಗಿಡ್ಡ ಲಂಗ ಮಾಡಿದಾಗ ಅದರಲ್ಲಿ ಅರ್ಧ ಟುಟು, ಅರ್ಧ ವಿಕ್ಟೋರಿಯಾ ಕಾಲದ ಬಳೆ ಲಂಗ. ಐಡಿಯಾ ಬಂದದ್ದು ಪೆಟ್ರುಷ್ಕಾ ಬ್ಯಾಲೆಯಿಂದ. ಪ್ಯಾರಿಸ್ಸಿನಲ್ಲಿ ಡಿಸೈನರ್ ಕ್ರಿಶ್ಚಿಯನ್ ಲಕ್ರುವಾ ಉಬ್ಬಿದ ಪೂಫ್ ಲಂಗ ತಂದ. 1987ರ ಜುಲೈನಲ್ಲಿ ಅವನ ಸ್ವಂತ ಹೆಸರಿನ ಮೊದಲ ಶೋ. ಅಕ್ಟೋಬರ್ 19ಕ್ಕೆ ಶೇರು ಮಾರುಕಟ್ಟೆ ಬಿದ್ದುಹೋಯಿತು. ಉಬ್ಬಿದ ಲಂಗಕ್ಕೆ ಇದಕ್ಕಿಂತ ಕೆಟ್ಟ ಗಳಿಗೆ ಬೇಕಾ? ಪಾಪ. ಆದರೂ ಮರುವರ್ಷವೇ ಅವನು ಅಮೆರಿಕನ್ ಬ್ಯಾಲೆ ಥಿಯೇಟರಿಗೆ ಉಡುಪು ಮಾಡಿಕೊಟ್ಟ. ಬ್ಯಾಲೆಯಿಂದ ಬೀದಿಗೆ ಬಂದ ಲಂಗ ಮತ್ತೆ ಬ್ಯಾಲೆಗೇ ಹೋಯಿತು. ಅವನ ಫ್ಯಾಷನ್ ಮನೆ 2009ರಲ್ಲಿ ದಿವಾಳಿಯಾದ ಮೇಲೂ ಅವನಿಗೆ ರಂಗದ ಕೆಲಸ ತಪ್ಪಲಿಲ್ಲ.

ಮಗಳಿಗೆ ಹೇಳಿದೆ. ಅವಳಿಗೆ ಟುಟು ಅಂದರೆ 'ಸೆಕ್ಸ್ ಅಂಡ್ ದ ಸಿಟಿ' ಅನ್ನೋ ನ್ಯೂಯಾರ್ಕ್ ಧಾರಾವಾಹಿಯ ಶುರುವಿನಲ್ಲಿ ಟುಟು ಹಾಕಿದವಳಿಗೆ ಬಸ್ಸು ನೀರು ಎರಚುತ್ತಲ್ಲ, ಅದೊಂದೇ. 1998ರದು. "ಅದು ಐದು ಡಾಲರ್ ಟುಟು ಅಮ್ಮ, ಈ ವರ್ಷ ಹರಾಜಿನಲ್ಲಿ 52,000 ಡಾಲರಿಗೆ ಹೋಯ್ತು" ಅಂದಳು. ನಿಜ, ಜನವರಿಯಲ್ಲಿ ಓದಿದ ನೆನಪು ನನಗೂ ಇದೆ. ಆದರೆ ಅದು ಮೆತ್ತಗೆ ಇಳಿಬಿದ್ದ ಲಂಗ. ಎಲಾಸ್ಟಿಕ್ಕಿಗೆ ಮೆತ್ತನೆ ನೆಟ್ ಕಟ್ಟಿ ಮಕ್ಕಳ ಪಾರ್ಟಿಗೆ ಮಾರ್ತಾರಲ್ಲ, ಅವನ್ನೂ ನಾನು ಟುಟು ಅಂತ ಒಪ್ಪಲ್ಲ. ಎದ್ದು ನಿಲ್ಲಬೇಕು. "ನಿನಗೆ ಹೊಟ್ಟೆ ಹಸಿದಿದೆ, ಅದಕ್ಕೇ ಕೋಪ" ಅಂದು ಹೋದಳು.

ಹಸಿದಿತ್ತು ನಿಜ. ಚಿತ್ರಾನ್ನ ಮಾಡಿದೆ.

1987ರಲ್ಲಿ ನನಗೆ ಒಂಬತ್ತು. ಭಾರತದಲ್ಲಿ ಸೋವಿಯತ್ ಉತ್ಸವ ನಡೆದ ಕಾಲ. ನಮ್ಮ ಮೈಸೂರಿನ ಮನೆಯ ಕಪ್ಪು ಬಿಳುಪು ಟೀವಿಯಲ್ಲಿ ಯಾವಾಗಲೋ ರಷ್ಯಾದ ಬ್ಯಾಲೆ ಬಂತು. ಅಜ್ಜಿ ಹೂ ಕಟ್ಟುತ್ತಾ, "ಅಯ್ಯೋ, ಆ ಮಗು ಲಂಗ ಯಾಕೆ ಹಂಗೆ ಎದ್ದು ನಿಂತಿದೆ? ಯಾರಾದ್ರೂ ಕೆಳಗೆ ಎಳೀರೇ" ಅಂದಿದ್ದರು. ನಾನು ಅದೇ ಬೇಕು ಅಂತ ಹಟ ಹಿಡಿದೆ. ಚಿಕ್ಕಮ್ಮ ಹುಟ್ಟುಹಬ್ಬಕ್ಕೆ ಫ್ರಾಕ್ ಹೊಲಿದರು, ಪಫ್ ಕೈ, ಒಳಗೆ ಕ್ಯಾನ್‌ಕ್ಯಾನ್ ನೆಟ್. ಮಂಡಿ ಎಲ್ಲ ಕೆರೆದು ಗಾಯ. ಆದರೂ ಬಿಚ್ಚಲಿಲ್ಲ. ಆಟೋದಲ್ಲಿ ತಂಗಿ ಸುಮಾಳನ್ನು ಅಮ್ಮನ ತೊಡೆ ಮೇಲೆ ಕೂರಿಸಬೇಕಾಯಿತು, ನನ್ನ ಫ್ರಾಕಿಗೇ ಸೀಟು ತುಂಬಿತ್ತು. ಆ ಸಿಟ್ಟು ಅವಳಿಗೆ ಇನ್ನೂ ಇದೆ ಅಂತ ನನ್ನ ಗುಮಾನಿ.

ಹಿಂದೆಯೇ ಬೇರೆ ಯೋಚನೆ. ಎಮ್ಮಾ ಲಿವ್ರಿ ಅಂತ ಪ್ಯಾರಿಸ್ ಒಪೆರಾದಲ್ಲಿ ಬ್ಯಾಲೆ ಕುಣಿಯುತ್ತಿದ್ದ ಹುಡುಗಿ. ಆಗ ಗ್ಯಾಸ್ ದೀಪಗಳು. ಬಟ್ಟೆಗೆ ಬೆಂಕಿ ಹತ್ತದ ಹಾಗೆ ಒಂದು ದ್ರಾವಣದಲ್ಲಿ ಅದ್ದುವ ಉಪಾಯ ಇತ್ತು. ಅದ್ದಿದರೆ ಲಂಗ ಮಾಸಲಾಗುತ್ತೆ, ಬಿರುಸಾಗುತ್ತೆ ಅಂತ ಅವಳು ಒಪ್ಪಲಿಲ್ಲ. 1862ರ ತಾಲೀಮಿನಲ್ಲಿ ದೀಪ ತಗುಲಿತು. ತಿಂಗಳುಗಟ್ಟಲೆ ನರಳಿ 1863ರಲ್ಲಿ ಹೋದಳು, ವಯಸ್ಸು 20. ಅಷ್ಟು ಆಸೆಯಾ ಒಂದು ಲಂಗದ ಮೇಲೆ? ಬೈಯೋಣ ಅಂದರೆ ನನ್ನ ಮಂಡಿಯ ಗಾಯ ನೆನಪಾಗುತ್ತೆ. ಬೈಯಲಾರೆ.

ಅಮ್ಮನ ಮನೆ ಖಾಲಿ ಮಾಡುವ ಕೆಲಸ ನಡೀತಿದೆ. ಇದನ್ನು ಬರೆಯೋದು ಬೇಡ ಅಂದುಕೊಂಡಿದ್ದೆ. ಸುಮಾ ಟ್ರಂಕಿನ ಫೋಟೊ ಕಳಿಸಿ, "ನಿನ್ನ ಫ್ರಾಕ್ ಇದೆ ಕಣೇ, ನುಸಿಗುಳಿಗೆ ವಾಸನೆ ತಡೆಯೋಕಾಗಲ್ಲ, ಎಸೀಲಾ?" ಅಂತ ಕೇಳಿದ್ದಾಳೆ. ನೆಟ್ ಹಳದಿಯಾಗಿದೆ, ಆದರೂ ಕುಸಿದಿಲ್ಲ. ಎಸೆಯಬೇಡ, ಒಗೆಯಲೂ ಬೇಡ ಅಂದೆ. ಟುಟು ಒಗೆಯೋ ಹಾಗಿಲ್ಲವಲ್ಲ, ಬ್ಯಾಲೆ ಕಂಪನಿಗಳಲ್ಲಿ ಬೆವರು ವಾಸನೆಗೆ ನೀರು ಬೆರೆಸಿದ ವೋಡ್ಕಾ ಸ್ಪ್ರೇ ಮಾಡ್ತಾರೆ. ನೀನೂ ಹೊಡೆದು ನೋಡು ಅಂತ ಬರೆದುಬಿಟ್ಟೆ. ನೀಲಿ ಟಿಕ್ ಬಂದು ಒಂದು ಗಂಟೆ ಆಯ್ತು, ಉತ್ತರ ಇಲ್ಲ. ಅಲ್ಲಿ ಮಧ್ಯರಾತ್ರಿ ಬೇರೆ. ಪಕ್ಕದಲ್ಲಿ ಅಮ್ಮ ಎದ್ದಿದ್ದು, ಇವಳು ಓದಿ ಹೇಳಿಬಿಟ್ಟಿದ್ದರೆ…