ಟೂಕಮ್‌ಕ್ಯಾರಿಯಲ್ಲಿ 105 ವೋಲ್ಟ್: ನ್ಯೂಟ್ರಲ್ ತಂತಿಯ ದೋಷ ಸಿಕ್ಕಿದ್ದು ಹೀಗೆ

ನಮ್ಮ ವ್ಯಾನಿನ ಏಸಿ ಸೆಖೆ ಹೆಚ್ಚಿದ ಸಂಜೆಗಳಲ್ಲೇ ಏಕೆ ಕೈಕೊಡುತ್ತಿತ್ತು ಎಂಬ ಪ್ರಶ್ನೆಗೆ ಕೊನೆಗೂ ಉತ್ತರ ದೊರೆತಿದೆ. ನ್ಯೂಜೆರ್ಸಿಯಿಂದ ಕ್ಯಾಲಿಫೋರ್ನಿಯಾಕ್ಕೆ ಹೊರಟವರು ಅಮರಿಲ್ಲೊ ದಾಟಿ, ಇಂಟರ್‌ಸ್ಟೇಟ್ 40ರ ಪಕ್ಕದಲ್ಲಿರುವ ನ್ಯೂ ಮೆಕ್ಸಿಕೋದ ಟೂಕಮ್‌ಕ್ಯಾರಿಯ ಒಂದು ಆರ್‌ವಿ ಪಾರ್ಕಿನಲ್ಲಿ (ವಾಸದ ಗಾಡಿಗಳು ತಂಗುವ ತಾಣ) ರಾತ್ರಿ ತಂಗಿದ್ದೆವು. ಹಳೆಯ ರೂಟ್ 66ರ ನಿಯಾನ್ ಫಲಕಗಳಿಗೆ ಹೆಸರಾದ ಈ ಊರನ್ನು ಸುತ್ತಿ ನೋಡುವ ಆಸೆಯಿತ್ತಾದರೂ ಸಂಜೆಯೆಲ್ಲ ಮಲ್ಟಿಮೀಟರ್ ಹಿಡಿದೇ ಕಳೆಯಿತು. ನೀರು, ಚರಂಡಿ ಪೈಪುಗಳ ಜೋಡಣೆಯ ವಿಷಯ ಬಿಟ್ಟು ನೇರವಾಗಿ ಪೆಡೆಸ್ಟಲ್‌ಗೆ, ಎಂದರೆ ಗಾಡಿಗಳಿಗೆ ವಿದ್ಯುತ್ ಕೊಡುವ ಸಾಕೆಟ್ ಕಂಬಕ್ಕೆ, ಬರುತ್ತೇನೆ.

30 ಆಂಪ್ ಸಾಕೆಟ್‌ನಲ್ಲಿ ಲೋಡ್ ಇಲ್ಲದಾಗ, ಎಂದರೆ ಯಾವ ಉಪಕರಣವೂ ಓಡದಿರುವಾಗ, 117 ವೋಲ್ಟ್ ಇತ್ತು (ಅಮೆರಿಕದಲ್ಲಿ ಇದು ಸಹಜ ಮಟ್ಟ). ಏಸಿ ಹಾಕಿ 14 ಆಂಪ್ ಎಳೆಯತೊಡಗಿದೊಡನೆ ವ್ಯಾನಿನೊಳಗಿನ ಇಎಂಎಸ್ (ವೋಲ್ಟೇಜ್ ಮೇಲೆ ಕಣ್ಣಿಡುವ ರಕ್ಷಣಾ ಸಾಧನ) 105 ತೋರಿಸಿತು. ಅದು 104ಕ್ಕಿಂತ ಕೆಳಗಿಳಿದರೆ ಕರೆಂಟ್ ಕಡಿದುಬಿಡುತ್ತದೆ. ಹಾಗಾಗಿ ಪಕ್ಕದ ಗಾಡಿಯವರ ಏಸಿ ಶುರುವಾದಾಗಲೆಲ್ಲ ನಮ್ಮದು ನಿಂತು, ಎರಡು ನಿಮಿಷಕ್ಕೂ ಹೆಚ್ಚು ಕಾದು, ಮತ್ತೆ ಹೊತ್ತಿಕೊಳ್ಳುತ್ತಿತ್ತು. ವೋಲ್ಟೇಜ್ ಇಳಿದಂತೆ ಕಂಪ್ರೆಸರ್ ಮೋಟಾರ್ ಇನ್ನಷ್ಟು ಕರೆಂಟ್ ಎಳೆದು ಬಿಸಿಯಾಗುವುದರಿಂದ ಇಎಂಎಸ್ ಮಾಡುತ್ತಿದ್ದುದು ಸರಿಯಾದ ಕೆಲಸವೇ. ಇಂಥ ಸಂದರ್ಭದಲ್ಲಿ ‘ಪಾರ್ಕಿನ ವೈರಿಂಗ್ ಹಳೆಯದು’ ಎಂದು ಹೇಳಿ ಕೈತೊಳೆದುಕೊಳ್ಳುವುದು ನಮ್ಮ ವ್ಯಾನ್ ಹವ್ಯಾಸಿಗಳಲ್ಲಿ ರೂಢಿಯಾಗಿದೆ. ಆ ಮಾತನ್ನು ಅಳೆದು ನೋಡದೆ ಒಪ್ಪಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಅದೇ ಪೆಡೆಸ್ಟಲ್‌ನಲ್ಲಿ 20 ಆಂಪ್ ಸಾಕೆಟ್ ಕೂಡ ಇತ್ತು. ಪ್ಲಗ್ ಹಾಕುವ ಮೊದಲೇ ಎರಡೂ ಸಾಕೆಟ್‌ಗಳ ಲೈವ್ ನಡುವೆ ಮೀಟರ್ ಇಟ್ಟಾಗ ಸೊನ್ನೆ ಬಂದಿತ್ತು, ಅಂದರೆ ಎರಡೂ ಒಂದೇ ಲೆಗ್‌ನವು, ಒಂದೇ ಸರಬರಾಜು ತಂತಿಯಿಂದ ಬಂದವು. ಆದ್ದರಿಂದ ಏಸಿ ಓಡುತ್ತಿರುವಾಗ 20 ಆಂಪ್ ಸಾಕೆಟ್‌ನಲ್ಲಿ ಕಾಣುವ ವೋಲ್ಟೇಜೇ ಪಾರ್ಕ್ ನಮಗೆ ಕೊಡುತ್ತಿರುವ ವೋಲ್ಟೇಜ್. ಅಲ್ಲಿ 113 ಇತ್ತು. ಪಾರ್ಕಿನ ಪಾಲಿನ ನಷ್ಟ ಕೇವಲ 4 ವೋಲ್ಟ್. ಉಳಿದ 8 ನಮ್ಮ ಕಡೆಯದು. ಪೆಡೆಸ್ಟಲ್‌ನಿಂದ ವ್ಯಾನಿಗೆ ಬರುವ 30 ಅಡಿಯ 10 ಗೇಜ್ ದಪ್ಪದ ಕೇಬಲ್‌ನಲ್ಲಿ ಹೋಗಿಬರುವ ದಾರಿ ಸೇರಿ 0.06 ಓಮ್, ಎಂದರೆ ಒಂದು ವೋಲ್ಟ್ ಕೂಡ ನಷ್ಟವಾಗಬಾರದು.

ಈ ಒಗಟಿನ ಬೀಗ ತೆರೆದದ್ದು ಅರ್ತಿಂಗ್ ತಂತಿ. ಅದರಲ್ಲಿ ಕರೆಂಟ್ ಹರಿಯುವುದಿಲ್ಲವಾದ್ದರಿಂದ ಅದು ಪಾರ್ಕಿನ ಪ್ಯಾನೆಲ್‌ನಿಂದ ವ್ಯಾನಿನವರೆಗೆ ಪುಕ್ಕಟೆಯಾಗಿ ಎಳೆದಿಟ್ಟ ಮೀಟರ್ ವಯರಿನಂತೆ ಕೆಲಸ ಮಾಡುತ್ತದೆ. ಲೋಡ್ ಇರುವಾಗ ನ್ಯೂಟ್ರಲ್ (ಕರೆಂಟ್ ಮರಳುವ ತಂತಿ) ಮತ್ತು ಅರ್ತಿಂಗ್ ನಡುವೆ ಎಷ್ಟು ವೋಲ್ಟ್ ಇದೆಯೋ ಅಷ್ಟೂ ನ್ಯೂಟ್ರಲ್ ದಾರಿಯಲ್ಲೇ ಕಳೆದುಹೋಗಿದೆ ಎಂದರ್ಥ. ಪೆಡೆಸ್ಟಲ್‌ನಲ್ಲಿ ಅದು 2 ವೋಲ್ಟ್, ವ್ಯಾನಿನೊಳಗೆ 9.6! ಲೈವ್ ಬದಿ ನಿರ್ದೋಷಿ. ಹುಡುಕಬೇಕಾದದ್ದು ನ್ಯೂಟ್ರಲ್‌ನ ಕೀಲುಗಳನ್ನು ಮಾತ್ರ. ಅಷ್ಟರಲ್ಲಿ ಹೊರಗಿದ್ದ ಮಡದಿ “ರೀ, ಇಲ್ಲಿ ಮುಟ್ಟೋಕಾಗ್ತಿಲ್ಲ, ಸುಡ್ತಿದೆ” ಎಂದು ಕೂಗಿದಳು. ಅವಳ ಬೆರಳಿದ್ದದ್ದು ವ್ಯಾನಿನ ಪಕ್ಕೆಯಲ್ಲಿ ಕೇಬಲ್ ಸಿಕ್ಕಿಸುವ ಇನ್‌ಲೆಟ್ ಮೇಲೆ.

ಬ್ರೇಕರ್ ಆರಿಸಿ, ಕೇಬಲ್ ಕಳಚಿ ಟಾರ್ಚ್ ಬಿಟ್ಟು ನೋಡಿದೆವು. ತಿರುಗಿಸಿ ಕೂರಿಸುವ ಇನ್‌ಲೆಟ್‌ನ ನ್ಯೂಟ್ರಲ್ ಪಟ್ಟಿ ಬುಡದಲ್ಲಿ ಕಂದುಗಟ್ಟಿತ್ತು. ಸುತ್ತಲಿನ ಪ್ಲಾಸ್ಟಿಕ್ ಉಬ್ಬಿ ಗುಳ್ಳೆಯೆದ್ದಿತ್ತು. ಕೇಬಲ್ ತುದಿಯಲ್ಲಿ ಪಟ್ಟಿಯನ್ನು ಹಿಡಿಯಬೇಕಾದ ಸ್ಪ್ರಿಂಗ್ ಬಿಗಿ ಕಳೆದುಕೊಂಡು ಕಪ್ಪಾಗಿತ್ತು. ಅಲ್ಲಿ 7 ವೋಲ್ಟ್‌ಗೂ ಮಿಕ್ಕಿ ನಷ್ಟವಾಗುತ್ತಿತ್ತು, ಹರಿಯುತ್ತಿದ್ದುದು 14 ಆಂಪ್: ಹತ್ತಿರ ಹತ್ತಿರ 100 ವ್ಯಾಟ್ ಶಾಖ ಉಗುರಿನಗಲದ ಜಾಗದಲ್ಲಿ. ಬೆಂಕಿ ಹತ್ತದಿದ್ದುದು ನಮ್ಮ ಪುಣ್ಯ. ಈ ಜೋಡಿಯನ್ನು ‘30 ಆಂಪ್’ ಎಂದು ಮಾರಿದ ಅಂಗಡಿಯವರಿಗೆ ಪತ್ರ ಬರೆದರೆ ಮೊದಲು ಫೋಟೊ ಕೇಳಿದರು, ಆಮೇಲೆ ಬಿಲ್ ಕೇಳಿದರು, ಕಳುಹಿಸಿದ ಮೇಲೆ ಮತ್ತೆ ಅದೇ ಫೋಟೊ ಕೇಳಿದರು. ಬೆಂಕಿಯ ಅಪಾಯವಿರುವ ವಸ್ತುವಿನ ವಿಷಯದಲ್ಲಿ ಈ ಉಡಾಫೆ ಅಕ್ಷಮ್ಯ.

ಸಾಫ್ಟ್ ಸ್ಟಾರ್ಟ್ (ಕಂಪ್ರೆಸರನ್ನು ಮೆಲ್ಲನೆ ಶುರುಮಾಡುವ ಸಾಧನ) ಹಾಕಿದ್ದರೆ ಸಾಕಿತ್ತಲ್ಲವೇ ಎಂದು ಕೆಲವರು ಕೇಳಬಹುದು. ಅದು ಶುರುವಾಗುವ ಕ್ಷಣದ ಸೆಳೆತವನ್ನಷ್ಟೇ ತಗ್ಗಿಸುತ್ತದೆ. ಓಡುವಾಗಿನ 14 ಆಂಪ್ ಹಾಗೆಯೇ ಉಳಿಯುವುದರಿಂದ ಆ ಕೀಲು ಸುಡುವುದು ತಪ್ಪುತ್ತಿರಲಿಲ್ಲ. ಆದರೂ ಅದನ್ನು ಹಾಕುವ ಯೋಚನೆಯಿದೆ, ಏಕೆಂದರೆ ಮುಂದಿನ ಯೋಜನೆ 280 ಆಂಪ್-ಅವರ್‌ನ ಎಂಟು ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ಗಳ 24 ವೋಲ್ಟ್ ಬ್ಯಾಟರಿ. ಅದರಲ್ಲಿ ಸುಮಾರು 7 ಯೂನಿಟ್ ವಿದ್ಯುತ್ ಹಿಡಿಯುತ್ತದೆ. ಇನ್ವರ್ಟರ್ ನಷ್ಟ ಕಳೆದರೂ, ಏಸಿ ಬಿಡದೆ 1,500 ವ್ಯಾಟ್ ಎಳೆದರೆ ನಾಲ್ಕು ಗಂಟೆಗೂ ಸ್ವಲ್ಪ ಹೆಚ್ಚು ಬರುತ್ತದೆ. ಇನ್ವರ್ಟರ್ ಮೇಲೆ ಕಂಪ್ರೆಸರ್ ಎಬ್ಬಿಸಲು ಸಾಫ್ಟ್ ಸ್ಟಾರ್ಟ್ ನಿಜವಾಗಿ ಬೇಕು.

ಟೂಕಮ್‌ಕ್ಯಾರಿ 4,000 ಅಡಿ ಎತ್ತರದ ಒಣ ನಾಡು. ಇರುಳಾದಂತೆ ತಂಪೇರಿದ್ದರಿಂದ ಏಸಿ ಇಲ್ಲದೆ 12 ವೋಲ್ಟ್ ಫ್ಯಾನಿನಲ್ಲೇ ನಿದ್ದೆ ಹತ್ತಿತು. ಅಲ್ಬುಕರ್ಕಿಯಲ್ಲಿ ಅಗಲ ಸಂಪರ್ಕಪಟ್ಟಿಯ, ನೇರವಾಗಿ ಕೂರುವ ಇನ್‌ಲೆಟ್ ಕೊಂಡು, ಕೇಬಲ್ ತುದಿಯನ್ನೂ ಬದಲಿಸಿದೆವು. ಕ್ಯಾಲಿಫೋರ್ನಿಯಾದ ಗಡಿಯೂರು ನೀಡಲ್ಸ್‌ನಲ್ಲಿ 45 ಡಿಗ್ರಿ ದಾಟಿದ ಬಿಸಿಲಿನಲ್ಲಿ ಪರೀಕ್ಷಿಸಿದಾಗ ಪೆಡೆಸ್ಟಲ್‌ಗೂ ವ್ಯಾನಿಗೂ ನಡುವಿನ ನಷ್ಟ ಒಂದೇ ವೋಲ್ಟ್ ಇತ್ತು. ಏಸಿ ಬೆಳಗಿನವರೆಗೂ ನಿಲ್ಲದೆ ಓಡಿತು. ಇನ್ನು ಇನ್‌ಲೆಟ್‌ನ ಬೆನ್ನಿಗೆ ಶಾಖ ಅಳೆಯುವ 10ಕೆ ಥರ್ಮಿಸ್ಟರ್ ಅಂಟಿಸಿ, ಇಎಸ್‌ಪಿ32 ಎಂಬ ಪುಟ್ಟ ಕಂಟ್ರೋಲರ್‌ನಿಂದ 60 ಡಿಗ್ರಿಗೆ ಬಜರ್ ಕೂಗಿಸುವ ಕೆಲಸ ಬಾಕಿಯಿದೆ. ಬ್ಯಾಟರಿಗಿಂತ ಮೊದಲು ಅದನ್ನೇ ಮುಗಿಸುತ್ತೇನೆ.