ತೊಡೆಯ ಬಿಗಿತಕ್ಕೆ ಸೂಜಿ: ನರದ ದಾರಿ ನೋಡಿದ ಮೇಲೆ ನಾನು ಬದಲಿಸಿಕೊಂಡದ್ದು

ಪುನರ್ವಸತಿ ವಿಭಾಗದ ವೈದ್ಯ ನಾನು. ಬೆನ್ನುಹುರಿಗೆ ಪೆಟ್ಟಾದವರು, ಪಾರ್ಶ್ವವಾಯು ಆದವರು, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳು, ಇವರ ಕೈಕಾಲಿನ ಬಿಗಿತ ಸಡಿಲಿಸಲು ಬೊಟುಲಿನಮ್ ಟಾಕ್ಸಿನ್ ಕೊಡುವುದು ನನ್ನ ದಿನದ ಕೆಲಸ. ಶುರುವಿನ ವರ್ಷಗಳಲ್ಲಿ ಮಾಡಿದ ಒಂದು ತಪ್ಪನ್ನು ಬರೆದಿಡುತ್ತಿದ್ದೇನೆ, ಯಾಕೆಂದರೆ ಈಗ ನನ್ನ ಹತ್ತಿರ ಕಲಿಯಲು ಬರುವವರ ಕೈಯೂ ಮೊದಲು ಅಲ್ಲಿಗೇ ಹೋಗುತ್ತದೆ.

ಬೆನ್ನುಹುರಿಗೆ ಪೆಟ್ಟು ಬಿದ್ದಿದ್ದ ಒಬ್ಬರು. ಎರಡೂ ಮೊಣಕಾಲು ಒಂದಕ್ಕೊಂದು ಅಂಟಿಕೊಂಡೇ ಇರುತ್ತಿದ್ದವು. ಮೂತ್ರ ತೆಗೆಯುವ ಕ್ಯಾತಿಟರ್ ನಳಿಕೆ ಹಾಕಲು ಪ್ರತಿಸಲ ಇಬ್ಬರು ಬೇಕು, ಒಬ್ಬರು ತೊಡೆ ಬಿಡಿಸಿ ಹಿಡಿಯಬೇಕು, ಇನ್ನೊಬ್ಬರು ಬೇಗ ಬೇಗ ಕೆಲಸ ಮುಗಿಸಬೇಕು. "ನಾನೊಬ್ಬಳೇ ಹಾಕೋ ಹಾಗಾದ್ರೆ ಸಾಕು ಡಾಕ್ಟ್ರೇ" ಅಂದಿದ್ದರು ಅವರ ಹೆಂಡತಿ. ತೊಡೆಸಂದಿಯಲ್ಲಿ ಬೆರಳಿಟ್ಟರೆ ಎಳೆದು ಕಟ್ಟಿದ ಹಗ್ಗದ ಹಾಗೆ ಅಡಕ್ಟರ್ ಲಾಂಗಸ್, ಅಂದರೆ ತೊಡೆಯನ್ನು ಒಳಗೆ ಎಳೆಯುವ ಸ್ನಾಯು, ಸಿಗುತ್ತಿತ್ತು. ಬಿಗಿ ಇರುವುದು ಇಲ್ಲೇ ಅಲ್ವಾ ಅಂತ ಅಲ್ಲಿಗೇ ಸೂಜಿ ಹಾಕಿದೆ. ಐದು ವಾರದ ನಂತರ ನೋಡಿದರೆ ಅಂಥ ಬದಲಾವಣೆ ಏನೂ ಇಲ್ಲ. ಮುಂದಿನ ಸಲ ಡೋಸ್ ಜಾಸ್ತಿ ಮಾಡಿದೆ. ಆಗಲೂ ಅಷ್ಟೇ.

ನನ್ನ ಬೆರಳಿಗೆ ಸಿಕ್ಕಿದ್ದು ಸ್ನಾಯುವಿನ ಟೆಂಡನ್, ಅಂದರೆ ಅದನ್ನು ಮೂಳೆಗೆ ಕಟ್ಟುವ ಹುರಿ. ಈ ಔಷಧ ಕೆಲಸ ಮಾಡುವುದು ನರದ ತುದಿ ಸ್ನಾಯುವಿನ ಎಳೆಯನ್ನು ಮುಟ್ಟುವ ಜಾಗದಲ್ಲಿ. ಅಲ್ಲಿ ಅಸಿಟೈಲ್‌ಕೋಲಿನ್ ಎಂಬ, ಸ್ನಾಯುವಿಗೆ ನರದ ಸಂಕೇತ ಒಯ್ಯುವ ರಾಸಾಯನಿಕ ಹೊರಬರದಂತೆ ತಡೆಯುತ್ತದೆ, ಎಳೆ ಸಡಿಲವಾಗುತ್ತದೆ. ಟೆಂಡನ್‌ನಲ್ಲಿ ಆ ತುದಿಗಳೇ ಇಲ್ಲ. ಒಂದು ಸಲ ಕೊಟ್ಟ ಮೇಲೆ ಮತ್ತೆ ಕೊಡಲು ಕನಿಷ್ಠ 12 ವಾರ ಕಾಯಬೇಕು, ಅಂದರೆ ನನ್ನ ಎರಡು ತಪ್ಪು ಸೂಜಿಗೆ ಆ ಮನೆಯವರು ಆರು ತಿಂಗಳು ಕೊಟ್ಟರು. ಅದು ಇವತ್ತಿಗೂ ನನಗೆ ನೋವು ಕೊಡುತ್ತದೆ.

ಕಣ್ಣು ತೆರೆಸಿದ್ದು ಅನಾಟಮಿ ಕಲಿಸುವ ಸ್ನೇಹಿತರೊಬ್ಬರು. ಸಿಹ್ಲರ್ ವಿಧಾನದಲ್ಲಿ ಬಣ್ಣ ಹಾಕಿದ ಸ್ನಾಯುವೊಂದನ್ನು ಬೆಳಕಿಗೆ ಹಿಡಿದು ತೋರಿಸಿದರು. ಮಾಂಸವೆಲ್ಲ ಗಾಜಿನ ಹಾಗೆ ಪಾರದರ್ಶಕ, ಒಳಗೆ ನರ ಮಾತ್ರ ಕಪ್ಪಗೆ, ಒಣಗಿದ ಅರಳಿ ಎಲೆಯಲ್ಲಿ ಉಳಿದ ಜಾಲದ ಹಾಗೆ. ಒಂದು ಕಡೆ ದಟ್ಟವಾಗಿ ಕವಲೊಡೆದಿತ್ತು, ಎರಡೂ ತುದಿಯ ಕಡೆ ಹೆಚ್ಚುಕಡಿಮೆ ಖಾಲಿ. ಆ ದಟ್ಟ ಜಾಗದಲ್ಲೇ ಔಷಧಕ್ಕೆ ಕೆಲಸ ಜಾಸ್ತಿ. ಇಲಿಯ ಕಾಲಿನ ಸ್ನಾಯುವಿನ ಮೇಲೆ ಮಾಡಿ 1993ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸೂಜಿ ನರದ ತುದಿಗಳು ಗುಂಪಾಗಿರುವ ಪಟ್ಟಿಯಿಂದ ಬರೀ ಅರ್ಧ ಸೆಂಟಿಮೀಟರ್ ಆಚೆ ಹೋದರೆ ಪರಿಣಾಮ ಅರ್ಧಕ್ಕೆ ಇಳಿದಿತ್ತು.

ಆಮೇಲೆ ತೊಡೆಯನ್ನು ನರದ ಕಡೆಯಿಂದ ಓದಲು ಕೂತೆ. ಒಳತೊಡೆಗೆ ಮುಖ್ಯವಾಗಿ ಆಬ್ಟುರೇಟರ್ ನರ. ಅಲ್ಟ್ರಾಸೌಂಡ್ ಪ್ರೋಬ್ ಇಟ್ಟರೆ ಲಾಂಗಸ್, ಬ್ರೆವಿಸ್, ಮ್ಯಾಗ್ನಸ್ ಎಂಬ ಅಡಕ್ಟರ್ ಸ್ನಾಯು ಮೂರೂ ಒಂದರ ಕೆಳಗೊಂದು ಪದರವಾಗಿ ಕಾಣುತ್ತವೆ, ಮೊದಲ ಎರಡರ ನಡುವೆ ನರದ ಮುಂದಿನ ಕವಲು, ಬ್ರೆವಿಸ್ ಮತ್ತು ಮ್ಯಾಗ್ನಸ್ ನಡುವೆ ಹಿಂದಿನ ಕವಲು. ಲಾಂಗಸ್‌ಗೆ ನರ ಹೊಗುವುದು ಅದರ ಹಿಂಬದಿಯಿಂದ, ಹೆಚ್ಚುಕಡಿಮೆ ನಡುಭಾಗದಲ್ಲಿ, ಅಂದರೆ ನಾನು ಚುಚ್ಚುತ್ತಿದ್ದ ಜಾಗಕ್ಕಿಂತ ಎಷ್ಟೋ ಕೆಳಗೆ. ಮ್ಯಾಗ್ನಸ್‌ಗೆ ಎರಡು ನರ: ಮುಂದಿನ ಭಾಗಕ್ಕೆ ಆಬ್ಟುರೇಟರ್, ಹಿಂದಿನ ಭಾಗಕ್ಕೆ ತೊಡೆಯ ಹಿಂಬದಿಯಲ್ಲಿ ಇಳಿಯುವ ಸಯಾಟಿಕ್ ನರದ ಟಿಬಿಯಲ್ ಪಾಲು. ಆಬ್ಟುರೇಟರ್ ನರಕ್ಕೆ ಮರಗಟ್ಟಿಸುವ ಲಿಡೋಕೇನ್ ಕೊಟ್ಟು ಪರೀಕ್ಷಿಸಿದಾಗ ಕೆಲವರಲ್ಲಿ ಬಿಗಿ ಪೂರ್ತಿ ಹೋಗದೆ ಉಳಿಯುತ್ತದಲ್ಲ, ಅದಕ್ಕೆ ಇದೂ ಒಂದು ಕಾರಣ.

ಮೂರನೇ ಸಲ ಅವರಿಗೆ ಲಾಂಗಸ್‌ನ ಹೊಟ್ಟೆಗೆ (ನಡುವಿನ ದಪ್ಪ ಭಾಗಕ್ಕೆ), ಮ್ಯಾಗ್ನಸ್‌ಗೆ, ಗ್ರ್ಯಾಸಿಲಿಸ್‌ಗೆ ಪದರ ನೋಡಿ ನೋಡಿ ಕೊಟ್ಟೆ. ಗ್ರ್ಯಾಸಿಲಿಸ್ ಒಳತೊಡೆಯ ಉದ್ದನೆಯ ಪಟ್ಟಿಯಂಥ ಸ್ನಾಯು, ನರದ ತುದಿಗಳು ಅದರಲ್ಲಿ ಒಂದೇ ಕಡೆ ಗುಂಪಾಗಿರುವುದಿಲ್ಲ, ಹಾಗಾಗಿ ಎರಡು ಕಡೆ ಹಂಚಿದೆ. ಒಟ್ಟು ಡೋಸ್ ಎರಡನೇ ಸಲಕ್ಕಿಂತ ಕಡಿಮೆಯೇ ಇತ್ತು. ತಿಂಗಳ ನಂತರ ಬಂದಾಗ ಹೆಂಡತಿ ಜೊತೆಗೆ ಇನ್ನೊಬ್ಬರನ್ನು ಕರೆತಂದಿರಲಿಲ್ಲ.

ಹಿಂದೊಡೆಯಲ್ಲಿ ನನಗೆ ತುಂಬಾ ಇಷ್ಟವಾದ ಸ್ನಾಯು ಸೆಮಿಟೆಂಡಿನೋಸಸ್. ಅದರ ನಡುವೆ ಓರೆಯಾಗಿ ಒಂದು ಟೆಂಡನ್ ಗೆರೆ ಹಾದು ಹೋಗುತ್ತದೆ. ಪ್ರೋಬನ್ನು ನಿಧಾನವಾಗಿ ಜಾರಿಸಿದರೆ ಸ್ನಾಯುವನ್ನು ಯಾರೋ ಬಿಳಿ ದಾರ ಹಾಕಿ ಹೊಲಿದ ಹಾಗೆ ಕಾಣುತ್ತದೆ. ಗೆರೆಯ ಮೇಲಿನ ಭಾಗಕ್ಕೂ ಕೆಳಗಿನ ಭಾಗಕ್ಕೂ ಬೇರೆ ಬೇರೆ ಕವಲು. ಒಂದೇ ಕಡೆ ಸುಮ್ನೆ ಚುಚ್ಚಿ ಬಂದರೆ ಇನ್ನರ್ಧ ಬಿಗಿಯಾಗಿಯೇ ಉಳಿಯಬಹುದು. ಪಕ್ಕದಲ್ಲಿ ಹಿಂದೊಡೆಯ ಇನ್ನೊಂದು ಸ್ನಾಯು ಬೈಸೆಪ್ಸ್ ಫೆಮೊರಿಸ್‌ನ ಉದ್ದ ತಲೆಯ ಕೆಳಗೆ ಸಯಾಟಿಕ್ ನರ ಮಲಗಿರುತ್ತದೆ, ಅದು ಪರದೆಯ ಮೇಲೆ ಸಿಗುವ ತನಕ ನಾನು ಸೂಜಿ ಎತ್ತಿಕೊಳ್ಳುವುದಿಲ್ಲ.

ಮುಂದೊಡೆಯಲ್ಲಿ ಎಚ್ಚರ ಬೇರೆ ಥರದ್ದು. ನಡೆಯುವಾಗ ಮೊಣಕಾಲು ಮಡಚದೆ ಕೋಲಿನಂತೆ ಬರುವವರಲ್ಲಿ ತೊಡೆಯ ಮುಂಭಾಗದ ರೆಕ್ಟಸ್ ಫೆಮೊರಿಸ್ ಸ್ನಾಯುವಿನ ಮೇಲೆ ಅನುಮಾನ ಬರುತ್ತದೆ. ಬೋರಲು ಮಲಗಿಸಿ ಮೊಣಕಾಲನ್ನು ಬೇಗ ಮಡಚಿದಾಗ ಸೊಂಟ ಮೇಲೆದ್ದರೆ ಅನುಮಾನ ಗಟ್ಟಿಯಾಗುತ್ತದೆ. ಆದರೆ ಅದರ ಕೆಳಗೇ ವ್ಯಾಸ್ಟಸ್ ಸ್ನಾಯುಗಳು, ನಿಂತಾಗ ಮೊಣಕಾಲು ಕುಸಿಯದಂತೆ ಹಿಡಿಯುವುದು ಅವೇ. ಸೂಜಿ ಆಳಕ್ಕೆ ಹೋದರೆ ನಡೆಯುತ್ತಿದ್ದವರು ಬೀಳಬಹುದು. ಹಾಗಾಗಿ ಬಿಗಿತ ಎಷ್ಟಿದೆ ಅಂತ ಅಳೆಯುವ ಮೊದಲು ಅವರನ್ನು ನಡೆಸಿ ನೋಡುತ್ತೇನೆ, ಆ ಬಿಗಿತದ ಆಸರೆಯಲ್ಲೇ ನಿಲ್ಲುತ್ತಿದ್ದಾರಾ ಅಂತ ಫಿಸಿಯೋ ಹತ್ತಿರ ಕೇಳುತ್ತೇನೆ.

ಈಗ ಕೇಸ್ ಶೀಟಿನಲ್ಲಿ ಬರೀ ಸ್ನಾಯುವಿನ ಹೆಸರು ಬರೆಯುವುದಿಲ್ಲ. ಯಾವ ಬ್ರ್ಯಾಂಡ್ ಅಂತ ಬರೆಯುತ್ತೇನೆ, ಒಂದರ ಯೂನಿಟ್ ಇನ್ನೊಂದಕ್ಕೆ ಸಮ ಅಲ್ಲ. ಜೊತೆಗೆ ಮೂಳೆಯ ಯಾವ ಗುರುತಿನಿಂದ ಎಷ್ಟು ಸೆಂಟಿಮೀಟರ್ ಕೆಳಗೆ, ಎಷ್ಟು ಆಳ, ಎಷ್ಟು ಕಡೆ. ಐದು ವಾರದ ನಂತರ ರೋಗಿ ಬಂದಾಗ ಮೊದಲು ಆ ಸಾಲುಗಳನ್ನು ಓದಿಕೊಂಡೇ ಕಾಲು ಮುಟ್ಟುತ್ತೇನೆ.