ಬಿರ್ಲಾ ಸ್ಟಾಪಿನಲ್ಲಿ ಇಳಿದು

ಹತ್ತು ವರ್ಷಕ್ಕೊಮ್ಮೆ ಹಳೇ ಗೋವೆಯಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಪಾರ್ಥಿವ ಶರೀರವನ್ನು ಬೊಂ ಜೆಸು ಬೆಸಿಲಿಕಾದಿಂದ ಸೇ ಕೆಥೆಡ್ರಲ್‌ಗೆ ತಂದು ದರ್ಶನಕ್ಕೆ ಇಡುತ್ತಾರೆ. ಕಳೆದ ಬಾರಿ ಅದು 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ಇತ್ತು. ನಾನೂ ನನ್ನ ತಂಗಿಯೂ ಧಾರವಾಡದಿಂದ ಹೊರಟದ್ದು ಅದಕ್ಕಾಗಿಯೇ. ನಾವು ಕ್ರೈಸ್ತರಲ್ಲ. ಆದರೆ ಬಾಸೆಲ್ ಮಿಶನ್ನಿನವರು 1837ರಷ್ಟು ಹಿಂದೆಯೇ ನಮ್ಮ ಊರಿಗೆ ಬಂದವರು. ಅವರ ಶಾಲೆಯಲ್ಲಿ ಓದಿದ ನಮಗೆ ಬೈಬಲ್ಲಿನ ಕಥೆಗಳು ಹೊಸವಲ್ಲ.

ದರ್ಶನದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಸಾಲು ಉದ್ದವಿತ್ತು, ವ್ಯವಸ್ಥೆ ಅಚ್ಚುಕಟ್ಟಾಗಿತ್ತು. ಗಿಲಾವು ಇಲ್ಲದ ಬೊಂ ಜೆಸುವಿನ ಕೆಂಪು ಜಂಬಿಟ್ಟಿಗೆ ಗೋಡೆ ನನಗೆ ಒಳಗಿನ ಚಿನ್ನದ ಕೆಲಸಕ್ಕಿಂತ ಇಷ್ಟವಾಯಿತು. ಮರುದಿನ ಕಲಂಗುಟ್ ಕಡಲತೀರಕ್ಕೆ ಹೋದೆವು. ಆ ಗದ್ದಲ ಸಹಿಸಲಾಗದೆ ಬೇಗ ಹೊರಟೆವು. ಅಲ್ಲಿ ಮಣಿಸರ ಮಾರುತ್ತಿದ್ದ ಲಂಬಾಣಿ ಹೆಂಗಸೊಬ್ಬಳು ನಮ್ಮ ಕನ್ನಡ ಕೇಳಿ ಗದಗ ಸೀಮೆಯವಳೆಂದು ಹೇಳಿಕೊಂಡಳು. ಅವಳ ಪಕ್ಕದಲ್ಲಿ ಹತ್ತು ಹನ್ನೊಂದರ ಮಗಳು, ಅವಳ ಕೈಯಲ್ಲೂ ಸರಗಳು. ಅಂದು ಶಾಲೆಯ ದಿನ. ಶಾಲೆಯ ಮಾತು ತೆಗೆದಾಗ ತಾಯಿ ಉತ್ತರಿಸಲಿಲ್ಲ.

ವಾಸ್ಕೋದಲ್ಲಿ ತಂಗಲು ಮೊದಲೇ ಗೊತ್ತುಮಾಡಿದ್ದ ಲಾಡ್ಜಿನವರು ನಮ್ಮ ಕೋಣೆಯನ್ನು ಹೆಚ್ಚು ಬಾಡಿಗೆ ಕೊಟ್ಟ ಬೇರೆಯವರಿಗೆ ಕೊಟ್ಟುಬಿಟ್ಟಿದ್ದರು. ಸಂಜೆ ಏಳು ದಾಟಿತ್ತು, ಕೈಯಲ್ಲಿ ಚೀಲ, ತಂಗಿಗೆ ಮಂಡಿನೋವು. ಫೋನಿನಲ್ಲಿ ಒಪ್ಪಿಕೊಂಡ ಮಾತಿಗೆ ಇಷ್ಟೇ ಬೆಲೆಯೇ ಎಂಬ ಸಿಟ್ಟು ಈಗಲೂ ಇಳಿದಿಲ್ಲ. ಇಂಥ ಹಬ್ಬದ ದಿನಗಳಲ್ಲಿ ಗೋವೆಗೆ ಹೋಗುವವರು ಮುಂಗಡ ಹಣ ಕಟ್ಟಿ ರಸೀದಿ ಪಡೆಯಿರಿ, ಹೊರಡುವ ದಿನ ಬೆಳಿಗ್ಗೆ ಮತ್ತೊಮ್ಮೆ ಫೋನ್ ಮಾಡಿ ಕೇಳಿ. ಕತ್ತಲಾದ ಮೇಲೆ ಬಸ್ಸುಗಳು ವಿರಳವಾಗುತ್ತವೆ, ಟ್ಯಾಕ್ಸಿಯವರು ಕೇಳಿದ್ದೇ ದರ.

ಧಾರವಾಡದಲ್ಲಿ ನಮ್ಮ ಮನೆ ಕಟ್ಟಿದ ಗೌಂಡಿಯ ತಮ್ಮ ಅಲ್ಲೇ ಎಲ್ಲೋ ಇರುತ್ತಾನೆಂಬುದು ತಂಗಿಗೆ ನೆನಪಾಯಿತು. ಫೋನ್ ಮಾಡಿದ ಕೂಡಲೇ ಅವನು, "ಅಕ್ಕಾ, ಬಸ್ ಹತ್ತಿ ಬಿರ್ಲಾ ಎಂದು ಹೇಳಿರಿ, ಸ್ಟಾಪಿನಲ್ಲಿ ನಿಂತಿರುತ್ತೇನೆ" ಎಂದ.

ಬಿರ್ಲಾ ಎಂದರೆ ಝುವಾರಿನಗರ. 1970ರ ದಶಕದಲ್ಲಿ ಅಲ್ಲಿ ಬಂದ ರಸಗೊಬ್ಬರ ಕಾರ್ಖಾನೆಯಿಂದ ಆ ಹೆಸರು. ಗುಡ್ಡದ ಒಂದು ಮಗ್ಗುಲಲ್ಲಿ ದೇಶದ ಹೆಸರಾಂತ ತಾಂತ್ರಿಕ ಕಾಲೇಜಿನ ಹಸಿರು ಆವರಣ, ಇನ್ನೊಂದು ಮಗ್ಗುಲಲ್ಲಿ ಒತ್ತೊತ್ತಾಗಿ ಬೆಳೆದ ಪತ್ರಾಸಿನ ಮನೆಗಳು. ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳದ ಜನ ಗಾರೆ ಕೆಲಸಕ್ಕೆ, ಬಂದರಿನ ಹಮಾಲಿಗೆ, ಮೀನಿನ ದೋಣಿಗಳಿಗೆ ಬಂದು ಇಲ್ಲಿ ನೆಲೆ ನಿಂತಿದ್ದಾರೆ. ಕಿರಾಣಿ ಅಂಗಡಿಯಲ್ಲಿ ಜೋಳದ ಹಿಟ್ಟು, ಓಣಿಯಲ್ಲಿ ಕನ್ನಡ. ವಾಸ್ಕೋದ ಬೈನಾ ಕಡಲತೀರದ ಗುಡಿಸಲುಗಳನ್ನು 2004ರಲ್ಲಿ ಕೆಡವಿದಾಗ, 2012ರಲ್ಲಿ ಗಣಿಗಾರಿಕೆ ನಿಂತು ಅದಿರಿನ ಲಾರಿಗಳು ಮೂಲೆ ಸೇರಿದಾಗ, ಹೊಡೆತ ಬಿದ್ದದ್ದು ಇಂಥ ಮನೆಗಳಿಗೇ. ಇಲ್ಲೇ ಹುಟ್ಟಿದ ಹುಡುಗರನ್ನೂ ಹೊರಗೆ ಘಾಂಟಿ, ಅಂದರೆ ಘಟ್ಟದಾಚೆಯವರು, ಎಂದು ಹಳಿಯುತ್ತಾರೆ. ಊರಿಗೆ ಹೋದರೆ ಅವರು ಗೋವಾದವರು.

ಮರುದಿನ ಭಾನುವಾರ. ಗೌಂಡಿಯ ತಮ್ಮನ ಮಗ, ಒಂಬತ್ತನೆಯ ತರಗತಿಯವನು, ಮಧ್ಯಾಹ್ನ ತಲೆ ಬಾಚಿಕೊಂಡು "ಅಣ್ಣನ ಹತ್ತಿರ ಹೋಗಿ ಬರುತ್ತೇನೆ" ಎಂದು ಹೊರಟ. ಯಾವ ಅಣ್ಣ ಎಂದು ಕೇಳಿದ್ದಕ್ಕೆ ಅವನ ತಾಯಿ, "ಏಸುಸ್ವಾಮಿಯವರು ಅಕ್ಕಾ, ಹುಡುಗರನ್ನು ದಾರಿಗೆ ಹಚ್ಚುತ್ತಾರೆ, ನೀವೂ ಹೋಗಿ ನೋಡಿರಿ" ಎಂದಳು. ಇದನ್ನು ಹೇಳುವಾಗ ಅವಳು ಸವದತ್ತಿ ಎಲ್ಲಮ್ಮನ ಪಟಕ್ಕೆ ಊದುಬತ್ತಿ ಹಚ್ಚುತ್ತಿದ್ದಳು.

ಹೋದೆ. ಒಂದೇ ಕೋಣೆ, ಎರಡು ಬಾಗಿಲು, ಎರಡೂ ತೆರೆದೇ ಇದ್ದವು. ಕೇರಂ ಹಲಗೆ, ಒಂದು ಬೆಂಚು, ಗೋಡೆಗೆ ಮರದ ಶಿಲುಬೆ. ಚರ್ಚಿನ ಕೆಲವು ದುಡಿಯುವ ಗಂಡಸರು ಸೇರಿ ನಡೆಸುವ ಕೂಟ ಅದು. ಒಬ್ಬ ದೊಡ್ಡವನಿಗೆ ಒಬ್ಬ ಹುಡುಗ, ಹೆಚ್ಚೆಂದರೆ ಇಬ್ಬರು. ವಾರಕ್ಕೊಮ್ಮೆ ಭೇಟಿ ತಪ್ಪುವುದಿಲ್ಲ. ಮುಚ್ಚಿದ ಬಾಗಿಲ ಹಿಂದೆ ಯಾರೂ ಯಾವ ಹುಡುಗನನ್ನೂ ಒಬ್ಬನೇ ಕೂರಿಸಿಕೊಳ್ಳುವುದಿಲ್ಲ. ಆ ಎರಡು ತೆರೆದ ಬಾಗಿಲುಗಳ ಕಾರಣ ಅದು. ಬಹುಕಾಲ ಶಾಲೆಯಲ್ಲಿ ಕಲಿಸಿದ ನನಗೆ ಆ ಕಟ್ಟುನಿಟ್ಟು ನೋಡಿಯೇ ಅರ್ಧ ನಂಬಿಕೆ ಬಂತು.

ಎಲ್ಲರೂ ಅಣ್ಣ ಎನ್ನುವ ವ್ಯಕ್ತಿ ಬೆಟಗೇರಿಯವರು, ಹಡಗು ಕಟ್ಟುವ ಕಡೆ ಗುತ್ತಿಗೆಯ ವೆಲ್ಡರ್. ನಲವತ್ತರ ಆಸುಪಾಸು, ಮುಂಗೈ ತುಂಬ ಕಿಡಿ ಬಿದ್ದ ಕಲೆಗಳು. ಹುಡುಗರಿಗೆ ಚುರುಮುರಿ ಕಲಸುತ್ತ ಕೂತಿದ್ದರು.

ನಾನು ಸುತ್ತು ಬಳಸದೆ ಕೇಳಿದೆ: "ಇವರನ್ನು ನಿಮ್ಮ ಮತಕ್ಕೆ ಸೇರಿಸಿಕೊಳ್ಳುತ್ತೀರಾ?"

ಅವರು ಬೇಸರಿಸಲಿಲ್ಲ. "ನಾನು ಏಸುವಿನ ಮಾತು ನಂಬಿದವನು, ಅದನ್ನು ಮುಚ್ಚಿಡುವುದಿಲ್ಲ. ಆದರೆ ನೋಡಿರಿ ಅಕ್ಕಾ, ಮೊದಲು ಪ್ರಾರ್ಥನೆ ಇಟ್ಟು ಕೊನೆಗೆ ತಿಂಡಿ ಕೊಟ್ಟರೆ ಹುಡುಗರು ಚುರುಮುರಿಗಾಗಿ ಕಣ್ಣು ಮುಚ್ಚಿ ಕೂರುತ್ತಾರೆ. ಅಂಥ ಪ್ರಾರ್ಥನೆ ದೇವರಿಗೂ ಬೇಡ. ಅದಕ್ಕೇ ತಿಂಡಿ ಮೊದಲು, ಪ್ರಾರ್ಥನೆ ಕೊನೆಗೆ. ಹೋಗುವವರು ಹೋಗಬಹುದು."

ಹಾಗೆಯೇ ಆಯಿತು. ಚುರುಮುರಿ ಮುಗಿಯಿತು, ಕೇರಂ ಮುಗಿಯಿತು, ಹೆಚ್ಚಿನವರು ಬ್ಯಾಟು ಹಿಡಿದು ಹೊರಗೆ ಓಡಿದರು. ನಾಲ್ಕೈದು ಹುಡುಗರು ಉಳಿದರು. ಓಡಿದವರ ಬೆನ್ನ ಹಿಂದೆ ಯಾರೂ ಮುಖ ಗಂಟಿಕ್ಕಲಿಲ್ಲ. ಈ ಮನುಷ್ಯರ ಮೇಲೆ ನನಗೆ ಗೌರವ ಹುಟ್ಟಿದ್ದು ಆ ಗಳಿಗೆಯಲ್ಲಿ.

ಪ್ರಾರ್ಥನೆಯ ನಂತರ ನಾವಿಬ್ಬರೂ ಬೆಂಚಿನ ಮೇಲೆ ಕುಳಿತೆವು. ಒಬ್ಬ ಹುಡುಗನ ಕಥೆ ಹೇಳಿದರು. ಅವನ ಹೆಸರು, ಓಣಿ ಯಾವುದನ್ನೂ ನಾನು ಬರೆಯುವುದಿಲ್ಲ. ಬರೆಯಬಾರದೆಂದು ಕಾನೂನೂ ಇದೆ. ಗುಜರಿಗೆ ಹಾಕಲು ತಾಮ್ರದ ತಂತಿ ಕದಿಯುವ ದೊಡ್ಡವರ ಗುಂಪಿನಲ್ಲಿ ಅವನು ಸಿಕ್ಕಿಬಿದ್ದಿದ್ದ. ರಾತ್ರಿ ಠಾಣೆಗೆ ಒಯ್ದರು. ತಾಯಿ ಓಡಿ ಬಂದದ್ದು ಈ ಅಣ್ಣನ ಮನೆಗೆ. ಇವರ ಬಳಿ ಬಾಲನ್ಯಾಯ ಕಾಯ್ದೆಯ 10ನೆಯ ಕಲಮಿನ ಜೆರಾಕ್ಸ್ ಪ್ರತಿ ಯಾವಾಗಲೂ ಇರುತ್ತದೆ: ಹದಿನೆಂಟು ತುಂಬದವರನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ, 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಜಗಳವಾಡದೆ, ಅಧಿಕಾರಿಯ ಮೇಜಿನ ಮೇಲೆ ಆ ಕಾಗದ ಇಟ್ಟು ಬೆಳಗಿನವರೆಗೆ ಹುಡುಗನ ಪಕ್ಕದಲ್ಲೇ ಕುಳಿತರಂತೆ. ಮಂಡಳಿ ಅವನನ್ನು ಸನ್ನಡತೆಯ ಷರತ್ತಿನ ಮೇಲೆ ಮನೆಗೆ ಕಳಿಸಿತು.

"ಅಷ್ಟಕ್ಕೇ ಸರಿಹೋದನೇ?"

"ಇಲ್ಲ ಅಕ್ಕಾ. ನನಗೆ ಪರಿಚಯದ ವೆಲ್ಡಿಂಗ್ ಅಂಗಡಿಗೆ ಸೇರಿಸಿದೆ. ವಾರ ತುಂಬುವ ಮೊದಲು ಮಾಲೀಕರ ಮೊಬೈಲ್ ಎತ್ತಿಕೊಂಡು ಓಡಿಹೋದ. ನಮ್ಮ ಕೂಟದವರೇ ಸಾಕು ಎಂದರು. ಅವನ ಜಾಗಕ್ಕೆ ಒಳ್ಳೆಯ ಹುಡುಗನನ್ನು ತರೋಣ ಎಂದರು. ಅವರ ಮಾತು ತಪ್ಪಲ್ಲ."

ಆಮೇಲೆ ಅವರು ಬೈಬಲ್ಲಿನ ಮಾರ್ಕನ ಕಥೆ ತೆಗೆದರು. ಶಾಲೆಯಲ್ಲಿ ಕೇಳಿದ್ದ ಕಥೆಯೇ, ಆದರೆ ಹೀಗೆ ಕೇಳಿರಲಿಲ್ಲ. ಆದಿಕಾಲದ ಕ್ರೈಸ್ತ ಪ್ರಚಾರಕರಾದ ಪೌಲ, ಬಾರ್ನಬ ಇಬ್ಬರೂ ಏಸುವಿನ ಸುವಾರ್ತೆ ಸಾರಲೆಂದು ಹೊರಟಾಗ ಮಾರ್ಕನೆಂಬ ತರುಣ ಜೊತೆಗಿದ್ದ. ಪಂಫುಲ್ಯವೆಂಬ ಸೀಮೆಯಲ್ಲಿ ಅವರನ್ನು ಬಿಟ್ಟು ಹಿಂದಿರುಗಿದ. ಎರಡನೆಯ ಸಲ ಹೊರಡುವಾಗ ಬಾರ್ನಬ ಅವನನ್ನು ಕರೆದುಕೊಳ್ಳೋಣ ಎಂದ. ನಡುದಾರಿಯಲ್ಲಿ ಕೈಬಿಟ್ಟವನು ಬೇಡ ಎಂದು ಪೌಲ ಪಟ್ಟು ಹಿಡಿದ. ಮಾತು ಬೆಳೆದು ಇಬ್ಬರೂ ಬೇರೆಯಾದರು. ಬಾರ್ನಬ ಮಾರ್ಕನನ್ನು ಕರೆದುಕೊಂಡು ಕುಪ್ರದ್ವೀಪಕ್ಕೆ, ಅಂದರೆ ಇಂದಿನ ಸೈಪ್ರಸ್ಸಿಗೆ, ಹಡಗು ಹತ್ತಿದ. ಎಷ್ಟೋ ಕಾಲದ ಮೇಲೆ ಅದೇ ಪೌಲ ಸೆರೆಯಲ್ಲಿದ್ದುಕೊಂಡು ತನ್ನ ಶಿಷ್ಯ ತಿಮೊಥೆಯನಿಗೆ ಬರೆಯುತ್ತಾನೆ, ಮಾರ್ಕನನ್ನು ಕರೆತಾ, ಅವನಿಂದ ನನಗೆ ಉಪಯೋಗವಿದೆ ಎಂದು.

"ಕುಪ್ರದಲ್ಲಿ ಬಾರ್ನಬ ಅವನಿಗೆ ಏನು ಹೇಳಿದ, ಎಷ್ಟು ಸಲ ಸಿಟ್ಟಾದ, ಬೈಬಲ್ಲಿನಲ್ಲಿ ಒಂದು ಸಾಲೂ ಇಲ್ಲ" ಎಂದರು ಅಣ್ಣ. "ಕಥೆ ಪೌಲನ ಹಿಂದೆ ಹೋಗಿಬಿಡುತ್ತದೆ. ನಾವು ಇಲ್ಲಿ ಮಾಡುತ್ತಿರುವುದು ಆ ಬರೆಯದೆ ಬಿಟ್ಟ ಕೆಲಸ."

ಓಡಿಹೋದ ಆ ಹುಡುಗ ಮಡಗಾಂವ್ ಸ್ಟೇಶನ್ನಿನಲ್ಲಿ ಸಿಕ್ಕಿದ. ಮೊಬೈಲಿನ ಹಣವನ್ನು ಅಣ್ಣ ತಮ್ಮ ಕೂಲಿಯಿಂದ ಕಟ್ಟಿದರು, ತಿಂಗಳಿಗಿಷ್ಟು ಎಂದು ಹುಡುಗನಿಂದ ಮರಳಿ ಪಡೆದರು. ಪುಕ್ಕಟೆ ಬಿಟ್ಟರೆ ಅವನಿಗೇ ಅವಮಾನ ಎಂಬುದು ಅವರ ಲೆಕ್ಕ. ನನಗೆ ಅದು ನೂರಕ್ಕೆ ನೂರು ಸರಿ ಎನಿಸಿತು. ದಾನ ಕೊಟ್ಟು ಫೋಟೋ ತೆಗೆಸಿಕೊಂಡು ಹೋಗುವ ಸಂಸ್ಥೆಗಳನ್ನು ಶಾಲೆಯಲ್ಲಿ ಬೇಕಾದಷ್ಟು ನೋಡಿದ್ದೇನೆ. ಅವರ್ಯಾರೂ ಎರಡನೆಯ ವರ್ಷ ಆ ಮಗುವಿನ ಹೆಸರು ಹೇಳಲಾರರು.

ಮರುದಿನ ಬೆಳಿಗ್ಗೆ ಗೌಂಡಿಯ ತಮ್ಮ ನಮ್ಮನ್ನು ಹತ್ತಿರದ ಸಾಂಕವಾಳಕ್ಕೆ ಕರೆದೊಯ್ದ. ಅಲ್ಲಿಯ ಹಳೆಯ ಇಗರ್ಜಿ (ಚರ್ಚು) 1834ರಲ್ಲಿ ಬೆಂಕಿಗೆ ಸುಟ್ಟು ಮುಂಗೋಡೆ ಮಾತ್ರ ಉಳಿದಿದೆ. ಸಂತ ಜೋಸೆಫ್ ವಾಝರ ಊರು ಇದು. ಅವರು 1680ರ ದಶಕದ ಆರಂಭದಲ್ಲಿ ನಮ್ಮ ಕೆನರಾ ಕರಾವಳಿಯಲ್ಲಿ ಓಡಾಡಿದವರು, ಆಮೇಲೆ ಶ್ರೀಲಂಕೆಗೆ ಮಾರುವೇಷದಲ್ಲಿ ಹೋಗಿ ಕೊನೆಯವರೆಗೆ ಅಲ್ಲೇ ಇದ್ದವರು. 2015ರಲ್ಲಿ ಸಂತ ಪದವಿ ದೊರೆಯಿತು. ಝೇವಿಯರರ ಸಾಲಿನಲ್ಲಿ ನಿಂತ ಕನ್ನಡಿಗರು ಇಲ್ಲಿಗೂ ಒಮ್ಮೆ ಬರಬೇಕು.

ಹೊರಡುವ ಮುನ್ನ ಅಣ್ಣ ಒಂದು ಕೆಲಸ ಒಪ್ಪಿಸಿದರು. ಆ ಹುಡುಗ ಈಗ ಅದೇ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದಾನೆ. ಐಟಿಐಯ ವೆಲ್ಡರ್ ತರಬೇತಿಗೆ ಎಂಟನೆಯ ತರಗತಿ ಪಾಸಾಗಿದ್ದರೆ ಸಾಕು. ಆದರೆ ಅವನು ಎಂಟರವರೆಗೆ ಓದಿದ್ದು ಅಜ್ಜಿಯ ಊರಿನಲ್ಲಿ, ನಮ್ಮ ಕಡೆಯ ಸರ್ಕಾರಿ ಶಾಲೆಯಲ್ಲಿ. ಶಾಲೆ ಬಿಟ್ಟ ದಾಖಲೆಯನ್ನು ತಂದಿಲ್ಲ. ತಂದೆಗೆ ರಜೆ ಇಲ್ಲ, ರಜೆ ಹಾಕಿದರೆ ಕೂಲಿ ಇಲ್ಲ.

ಧಾರವಾಡಕ್ಕೆ ಬಂದವಳೇ ಆ ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯರು ಹಳೆಯ ದಾಖಲಾತಿ ಪುಸ್ತಕ ತೆಗೆಸಿದರು, ಹೆಸರು ಸಿಕ್ಕಿತು. ಜನ್ಮದಿನಾಂಕ ಆಧಾರಿನಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು. ಸರಿಪಡಿಸಲು ತಂದೆಯ ಅರ್ಜಿ ಬೇಕೆಂದರು. ಅರ್ಜಿಯನ್ನು ನಾನೇ ಬರೆದು ರುಜುವಿಗೆಂದು ಝುವಾರಿನಗರಕ್ಕೆ ಅಂಚೆಯಲ್ಲಿ ಕಳಿಸಿದ್ದೇನೆ. ರುಜುವಾಗಿ ಬಂದ ದಿನವೇ ಶಾಲೆಗೆ ಮುಟ್ಟಿಸುತ್ತೇನೆ ಎಂದು ಅಣ್ಣನಿಗೆ ಫೋನಿನಲ್ಲಿ ಹೇಳಿದ್ದೇನೆ.